ತಂಗಿಯ ಕ್ಯಾಮೆರಾ

ಮಾರ್ಚ್ ೪
ಬೆಳಿಗ್ಗೆ ಅಂಗಡಿಗೆ ರಿಪೇರಿಗೆ ಎರಡು ಇಸ್ತ್ರಿಪೆಟ್ಟಿಗೆ, ಒಂದು ಗೀಸರ್. ತಂಗಿ ಪಕ್ಕದಲ್ಲಿ ಕೂತು ವೈರಿನ ಬಣ್ಣ ಹೇಳಿದಳು. ಕೆಂಪು ಕರೆಂಟಿನದು, ಹಸಿರು ಅರ್ತಿಂಗ್. ಅದಲು ಬದಲಾದರೆ ಮುಟ್ಟಿದವರಿಗೆ ಶಾಕ್. ನನ್ನ ಕಣ್ಣಿಗೆ ಹುಟ್ಟಿನಿಂದ ಎರಡೂ ಬಣ್ಣ ಒಂದೇ... ಗಿರಾಕಿಗಳಿಗೆ ಗೊತ್ತಾದರೆ ಅಂಗಡಿಗೆ ಬೀಗ.
ಮಧ್ಯಾಹ್ನ ಸುದ್ದಿ ಹೇಳಿದಳು. ಬಟ್ಟೆ ಕಂಪನಿಯಲ್ಲಿ ಫೋಟೋ ತೆಗೆಯುವ ಕೆಲಸ. ಹದಿನೈದಕ್ಕೆ ಟ್ರಯಲ್, ಅವಳದೇ ಕ್ಯಾಮೆರಾದಲ್ಲಿ.
"ಇನ್ಮೇಲೆ ಬಣ್ಣಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ ಅಣ್ಣ," ಅಂತ ನಕ್ಕಳು.
ಮೈ ಉರಿಯಿತು.

ಮಾರ್ಚ್ ೯
ವಿಡಿಯೋ ನೋಡಿದೆ. ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬಣ್ಣದ ತೆಳು ಪದರವಿರುತ್ತದೆ. ಕೆರೆದು ತೆಗೆದರೆ ಫೋಟೋ ಬರೀ ಕಪ್ಪು-ಬಿಳುಪು. ಕೆಲವರು ಇಷ್ಟಪಟ್ಟೇ ಮಾಡಿಕೊಳ್ಳುತ್ತಾರಂತೆ, ಹುಚ್ಚರು.
ಗುಜರಿಯಿಂದ ತಂದ ಎರಡು ಕ್ಯಾಮೆರಾಗಳ ಮೇಲೆ ಅಭ್ಯಾಸ. ಮೊದಲನೆಯದರಲ್ಲಿ ಅಂಚಿನ ಕೂದಲೆಳೆ ತಂತಿಗೆ ಕಡ್ಡಿ ತಾಗಿತು, ಸತ್ತಿತು. ಎರಡನೆಯದು ಬದುಕಿತು.

ಮಾರ್ಚ್ ೧೩
"ಒಳಗೆ ಧೂಳು ಕೂತಿದೆ, ಕ್ಲೀನ್ ಮಾಡಿಕೊಡ್ತೀನಿ," ಅಂದೆ. ಹಿಂದೆಮುಂದೆ ನೋಡದೆ ಕ್ಯಾಮೆರಾ ಕೊಟ್ಟಳು.
ಬಿಸಿಗಾಳಿ ಹಿಡಿದು ಸೆನ್ಸರ್ ಮೇಲಿನ ಗಾಜು ಎಬ್ಬಿಸಿದೆ. ಚೂಪು ಮಾಡಿದ ಬಿದಿರುಕಡ್ಡಿ, ಮೆಲ್ಲಗೆ... ಪುಡಿ ಎದ್ದಿತು. ಕೈ ಒಂಚೂರೂ ನಡುಗಲಿಲ್ಲ. ಒಂದು ಫೋಟೋ ತೆಗೆದು ನೋಡಿದೆ. ನನಗೇನೋ ಚೆನ್ನಾಗಿಯೇ ಕಂಡಿತು.

ಮಾರ್ಚ್ ೧೫
ಹೊರಡುವ ಹೊತ್ತಿಗೆ ಕ್ಯಾಮೆರಾ ಕೈಗಿಟ್ಟೆ. ಪರೀಕ್ಷಿಸಲು ಸಮಯ ಸಿಗಬಾರದಲ್ಲ.
ಸಂಜೆ ಬಂದಳು. ಕಣ್ಣು ಊದಿತ್ತು. ಫೋಟೋಗಳಲ್ಲಿ ಅಷ್ಟೂ ಬಟ್ಟೆ ಬೂದಿ ಬಣ್ಣ. "ಏನಮ್ಮಾ, ಸತ್ತೋರಿಗೆ ಮಾರೋ ಬಟ್ಟೆನಾ ಇದು?" ಅಂದನಂತೆ ಮ್ಯಾನೇಜರ್. ಎಲ್ಲರೂ ನಕ್ಕರಂತೆ.
"ಹೋಗ್ಲಿ ಬಿಡು ಪುಟ್ಟಿ, ನಮ್ಮ ಅಂಗಡಿ ಇದೆಯಲ್ಲ," ಅಂದೆ.
ಖುಷಿಯಾಯಿತು. ಇಲ್ಲಿ ಸುಳ್ಳೇಕೆ ಬರೆಯಲಿ.

ಮಾರ್ಚ್ ೧೯
ಕ್ಯಾಮೆರಾವನ್ನು ಸರ್ವಿಸ್‌ಗೆ ಒಯ್ದಿದ್ದಳು. ಬಂದವಳೇ ಸ್ಟೂಲ್ ಎಳೆದು ಕೂತಳು.
"ಇದು ಕೆಂಪು. ಅದು ಹಸಿರು. ಜೋಡಿಸು ಅಣ್ಣ."
ದನಿ ಮೊದಲಿಗಿಂತ ಮೆತ್ತಗಿದೆ. ಈಗ ಬುದ್ಧಿ ಬಂದಿದೆ.

ಏಪ್ರಿಲ್ ೨, ಸಂಜೆ
ಅಂಗಡಿ ಮುಚ್ಚುವಾಗ ಬಾಯಿ ಬಿಟ್ಟಳು.
"ಯಾರೋ ಬೇಕೂಂತಲೇ ಕೆರೆದಿದ್ದಾರೆ ಅಂತ ಸರ್ವಿಸ್‌ನವರು ಅವತ್ತೇ ಹೇಳಿದ್ರು."
ನಾನು ಬೀಗ ಹುಡುಕುವವನಂತೆ ಬಗ್ಗಿದೆ.
"ಆಮೇಲೆ ಒಂದೇ ಒಂದ್ಸಲ ನಿಂಗೆ ತಪ್ಪು ಬಣ್ಣ ಹೇಳಿದ್ದೀನಿ ಅಣ್ಣ. ಕೆಂಪನ್ನ ಹಸಿರು ಅಂತ. ಯಾವುದಕ್ಕೆ ಅಂತ ಮಾತ್ರ ಹೇಳಲ್ಲ."
ಚೀಲ ತಗೊಂಡು ಹೊರಟೇ ಹೋದಳು.
ಅವಳು ಹೇಳಿದ ಮೇಲೆ ಟೆಸ್ಟರ್ ಹಿಡಿದು ನೋಡಿದವನೇ ಅಲ್ಲ ನಾನು. ರಿಪೇರಿಯಾದ ಸಾಮಾನೆಲ್ಲ ಮನೆಮನೆ ಸೇರಿದೆ. ಸುಳ್ಳು ಹೇಳಿರಬಹುದು. ಹೆದರಿಸಲು. ಸುಳ್ಳೇ ಆಗಿರಲಿ ದೇವರೇ.
ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ— "ಸ್ವಿಚ್ ಹಾಕಬೇಡಿ, ಒಂದ್ಸಲ ತಂದುಕೊಡಿ." ಹೆಚ್ಚಿನವರು ಬೈದರು. ಪರವಾಗಿಲ್ಲ, ಬದುಕಿದ್ದಾರೆ.
ಹೋದ ವಾರ ಗೀಸರ್ ರಿಪೇರಿಗೆ ಕೊಟ್ಟಿದ್ದ ಟೀಚರಮ್ಮ ಮಾತ್ರ ಎತ್ತುತ್ತಿಲ್ಲ. ಮೂರನೇ ಸಲ ಮಾಡಿದೆ... ಎತ್ತಿದರು. ಅವರಲ್ಲ, ಯಾರೋ ಗಂಡಸು. ಹಿಂದೆ ಮಗು ಅಮ್ಮಾ ಅಮ್ಮಾ ಅಂತ ಅಳುತ್ತಿದೆ...