ಹಲಸೂರಿನ ಸೋಯಾ ಮೀನು

ಹಂಸ, ನೀನು ತೀರಿಕೊಂಡ ಮೇಲೆ ಅಡುಗೆ ಮಾಡಿಕೊಳ್ಳಲು ಬೇಜಾರೆಂದು ಹೋದ ಪತ್ರದಲ್ಲಿ ಬರೆದಿದ್ದೆನಲ್ಲ, ಅದಕ್ಕೇ ಇವತ್ತು ಹಲಸೂರಿನ ಆ ಚೈನೀಸ್ ವೆಜಿಟೇರಿಯನ್ ಹೋಟೆಲಿಗೆ ಹೋಗಿಬಂದೆ. ಹೋದ ವರ್ಷ ನಿನ್ನ ಹುಟ್ಟುಹಬ್ಬಕ್ಕೆ ನೀನೇ ಆಸೆಪಟ್ಟು ನನ್ನನ್ನು ಕರೆದುಕೊಂಡು ಹೋಗಿದ್ದೆ. ಮೆನುವಿನಲ್ಲಿ ‘ಫಿಶ್’ ಎಂದು ಕಂಡದ್ದೇ ತಡ, ಅದು ನಿಜವಾದ ಮೀನಲ್ಲ ಎಂದು ನೀನು ಹೇಳಿದರೂ ಕೇಳದೆ, "ಕಾಲೇಜಲ್ಲಿ ಇಂಗ್ಲಿಷ್ ಓದಿದೋನು ನಾನು, ನಂಗೇ ಹೇಳ್ಕೊಡ್ತೀಯಾ?" ಎಂದು ಎಲ್ಲರೆದುರು ನಿನ್ನನ್ನು ಎಬ್ಬಿಸಿಕೊಂಡು ಬಂದಿದ್ದೆ.

ಇವತ್ತು ಹೋಟೆಲಿನ ಯಜಮಾನಿ ಅದೇ ‘ಫಿಶ್’ ತಂದಿಟ್ಟಳು. "ಇದು ಸೋಯಾ, ಅಂಕಲ್, ಮೀನಲ್ಲ. ನಮ್ಮನೇಲಿ ಈರುಳ್ಳಿ, ಬೆಳ್ಳುಳ್ಳೀನೂ ಮುಟ್ಟಲ್ಲ. ಅವತ್ತು ಎದ್ದು ಹೋದವರು ನೀವೇ ಅಲ್ವಾ? ಆಂಟಿ ಮಾರನೇ ದಿನ ಬಂದು ಸಾರಿ ಕೇಳಿದ್ರು. ಊಟ ಮಾಡಿ ಅಂದ್ರೆ, ನಿಮ್ಮನ್ನೂ ಕರ್ಕೊಂಡೇ ಬರ್ತೀನಿ ಅಂದ್ರು."

ನನಗೆ ನೀನು ಹೇಳಲೇ ಇಲ್ಲ. ಹೇಳಿದ್ದರೆ ಅದಕ್ಕೂ ರೇಗುತ್ತಿದ್ದೆ, ಬಿಡು. ಒಂದು ಚೂರೂ ಬಿಡದೆ ತಿಂದೆ, ನಾಚಿಕೆಗೆಟ್ಟವನು. ಚೆನ್ನಾಗಿತ್ತು. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.