ಮೀನು ತರಬೇಕಾದವರ ಪಟ್ಟಿ

ಎಸ್ಕಿಲ್‌ಸ್ಟುನಾ
೨೪ ಜೂನ್ ೨೦೧೨

ಮುದ್ದು ಲಿನ್ನೆಯಾ,

ಅಜ್ಜಿ ಗಟ್ಟಿಯಾಗಿದ್ದಾಳೆ, ಹೆದರಬೇಡ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಇದ್ದದ್ದು ನನ್ನದೇ ತಪ್ಪು. ಹಳ್ಳಿ ಶಾಲೆಯಲ್ಲಿ ನಾಲ್ಕು ವರ್ಷ ಕಲಿತ ಕೈ ಇದು, ಪೆನ್ನಿಗಿಂತ ಹಸುವಿನ ಕೆಚ್ಚಲೇ ಇದಕ್ಕೆ ಹೆಚ್ಚು ಪರಿಚಯ. ಆದರೆ ನಡುಬೇಸಿಗೆ ಹಬ್ಬದ ಸುದ್ದಿ ಹೇಳದಿದ್ದರೆ ನನ್ನ ಹೊಟ್ಟೆ ಒಡೆದೀತು.

ನಮ್ಮ ಕಟ್ಟಡದ ಸಂಘದ ಅಧ್ಯಕ್ಷ ಬೋರ್ಯೆ ಗೊತ್ತಲ್ಲ, ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ ಐದು ನಿಮಿಷ ಮೀರಿದರೂ ಚೀಟಿ ಅಂಟಿಸುವವನು, ಅವನು ಆ ಕೋಣೆಯ ಬಾಗಿಲಿಗೆ ಹಬ್ಬದೂಟದ ಪಟ್ಟಿ ಅಂಟಿಸಿದ್ದ. ಒಂದು ಕಡೆ, "ನಾವು: ಹೆರಿಂಗ್ ಮೀನು, ಹೊಸ ಆಲೂಗಡ್ಡೆ." ಇನ್ನೊಂದು ಕಡೆ, "ವಲಸೆ ಬಂದವರು: ತಮ್ಮ ದೇಶದ ತಿಂಡಿ."

ಮೂರನೇ ಮಹಡಿಯ ಸಿರಿಯಾದವರ ಮಗಳು ರೀಮಾ ಅಲ್ಲಿ ಪೆನ್ಸಿಲ್ ಕಚ್ಚುತ್ತ ನಿಂತಿದ್ದಳು. ಒಂಬತ್ತು ವರ್ಷ, ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ.

"ಹೆಲ್ವಿ ಅಜ್ಜಿ, ಬೋರ್ಯೆ ಮಾಮ ನನ್ನ ಹೆಸ್ರು ಆ ಕಡೆ ಬರಿ ಅಂದ್ರು. ನಾನು ಎಲ್ಲಿಂದ ಬಂದೆ ಅಂತ ಬರೀಲಿ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಪೆನ್ಸಿಲ್ ಕಿತ್ತುಕೊಂಡು ವಲಸೆಯವರ ಕಡೆ ಮೊದಲ ಹೆಸರು ನನ್ನದೇ ಬರೆದೆ: ಹೆಲ್ವಿ, ಫಿನ್ಲೆಂಡ್, ಅಕ್ಕಿ ತುಂಬಿದ ಕಡುಬು. "ನೀನು 'ನಾವು' ಅನ್ನೋ ಕಡೆ ಬರಿಯೇ" ಎಂದೆ.

ಬೋರ್ಯೆ ಓಡಿ ಬಂದ. "ಇದೇನು ಹೆಲ್ವಿಯಮ್ಮ? ನೀವು ಅರವತ್ತೆಂಟು ವರ್ಷದಿಂದ ಇಲ್ಲೇ ಇದೀರಿ!"

"ಯುದ್ಧದಲ್ಲಿ ಫಿನ್ಲೆಂಡಿನ ಮಕ್ಕಳನ್ನ ಈ ದೇಶಕ್ಕೆ ಕಳಿಸಿದಾಗ, ಕೊರಳಿಗೆ ಹೆಸರಿನ ಚೀಟಿ ಕಟ್ಕೊಂಡು ರೈಲಿಳಿದೋಳು ನಾನು. ಅವಳು ಬಂದಿದ್ದು ಆಸ್ಪತ್ರೆಯಿಂದ, ಬಸ್ಸಲ್ಲಿ ನಾಲ್ಕು ಸ್ಟಾಪು. ವಲಸೆ ಬಂದೋರು ಯಾರಪ್ಪ?"

"ಆದ್ರೂ ನಿಮ್ಮನ್ನ ನೋಡಿದ್ರೆ ಗೊತ್ತಾಗಲ್ವಲ್ಲ..."

"ಓಹೋ! ಕಾಫಿಗೆ ಕೂತಾಗೆಲ್ಲ ನಮ್ಮ ವಂಶದವ್ರು ಬೆಲ್ಜಿಯಂ ಕಡೆಯಿಂದ ಬಂದ ಕಮ್ಮಾರರು ಅಂತ ಜಂಭ ಕೊಚ್ತೀಯಲ್ಲ, ನಿನ್ನ ನೋಡಿದ್ರೆ ಗೊತ್ತಾಗತ್ತಾ?"

ಅವನ ಹೆಂಡತಿ ನಾರ್ವೆಯವಳು. ಬಟ್ಟೆ ಮಡಿಸುತ್ತಿದ್ದವಳು ಬಿದ್ದು ಬಿದ್ದು ನಕ್ಕು, ನನ್ನ ಹೆಸರಿನ ಕೆಳಗೆ ತನ್ನದನ್ನೂ ಗಂಡನದನ್ನೂ ಬರೆದಳು. ಆಮೇಲೆ ಕಟ್ಟಡಕ್ಕೆಲ್ಲ ಹುಚ್ಚು ಹಿಡಿಯಿತು. ಒಬ್ಬರಿಗೆ ಜರ್ಮನಿಯ ಮುತ್ತಜ್ಜಿ, ಒಬ್ಬರಿಗೆ ಡೆನ್ಮಾರ್ಕಿನ ನಾವಿಕ ತಾತ, ಎಲ್ಲರ ಹೆಸರೂ ವಲಸೆಯವರ ಕಡೆಗೇ ಬಂತು. ನನ್ನ ಕಡುಬಿನ ಕಥೆ ಕೇಳಬೇಡ, ಮಾಡಲು ಬಾರದೆ ಪಕ್ಕದ ಬೀದಿಯ ಫಿನ್ಲೆಂಡಿನ ಹೆಂಗಸಿನ ಕಾಲು ಹಿಡಿದೆ.

ಶುಕ್ರವಾರ ಅಂಗಳದಲ್ಲಿ ಮೇಜು ಹಾಕಿದರೆ, ಕಡುಬಿದೆ, ದ್ರಾಕ್ಷಿ ಎಲೆಯ ಸುರುಳಿ ಇದೆ, ಹೆರಿಂಗ್ ಮಾತ್ರ ಒಂದು ತುಣುಕಿಲ್ಲ! ಹೆರಿಂಗ್ ಇಲ್ಲದ ಹಬ್ಬ! ಬೋರ್ಯೆಯ ಮುಖ ನೀನು ನೋಡಬೇಕಿತ್ತು.

ಅಷ್ಟರಲ್ಲಿ ರೀಮಾ ಅಪ್ಪನ ಜೊತೆ ಎರಡು ದೊಡ್ಡ ಭರಣಿ ಹೆರಿಂಗ್ ಹೊತ್ತು ಬಂದಳು. 'ನಾವು' ಎಂಬ ಕಡೆ ಉಳಿದಿದ್ದದ್ದು ಅವಳೊಬ್ಬಳದೇ ಹೆಸರು.

"ಇಷ್ಟೂ ಜನಕ್ಕೆ ನಾನೊಬ್ಳೇ ತರ್ಬೇಕಾಯ್ತು!" ಎಂದು ಗದರಿದಳು.

ಬೋರ್ಯೆ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತ. "ನಿಮ್ಮೂರ ಮೀನು ನಮಗೂ ಸ್ವಲ್ಪ ಹಾಕಮ್ಮ" ಎಂದ. ಹಬ್ಬಕ್ಕೆ ನೆಟ್ಟ ಹೂಗಂಬದ ಸುತ್ತ ರೀಮಾಳ ಕೈ ಹಿಡಿದು, ಹಬ್ಬದ ಕುಣಿತದಲ್ಲಿ ನಾನೂ ಕಪ್ಪೆಯ ಹಾಗೆ ಕುಪ್ಪಳಿಸಿದ್ದಕ್ಕೆ ನನ್ನ ಮಂಡಿ ಇನ್ನೂ ಬೈಯುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ನಗು ನೂರು ವರ್ಷ ಬಾಳಲಿ.

ನಿನ್ನ ಬಾಯಿಬಡುಕಿ ಅಜ್ಜಿ,
ಹೆಲ್ವಿ

ತಾ.ಕ.: ಯುದ್ಧ ಮುಗಿದ ಮೇಲೆ ನನ್ನ ಅಮ್ಮ ಕರೆದೊಯ್ಯಲು ಬರಲೇ ಇಲ್ಲ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಬಂದಿದ್ದಳು. ಆಗ ನನಗೂ ಒಂಬತ್ತೇ ವರ್ಷ. ಅವಳ ಭಾಷೆ ನನಗೆ ಮರೆತುಹೋಗಿತ್ತು. ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ಅಡಗಿಕೊಂಡು, ಇಲ್ಲಿ ನನ್ನನ್ನು ಸಾಕಿದ ತಾಯಿಗೆ, "ಯಾರೋ ಪರದೇಶದ ಹೆಂಗಸು ಬಂದಿದಾಳೆ, ಕಳಿಸಿಬಿಡು" ಎಂದೆ. ಕಳಿಸಿಬಿಟ್ಟರು.