ಗದ್ದೆ ಸೀಮೆಯಲ್ಲಿ ಮಿಸ್ ಹೊಡೆಯುತ್ತಿದ್ದ ಕಾರು

ಅಪ್ಪಾ, ನಿನ್ನ ನಾಗಿ ಬರೆಯುತ್ತಿದ್ದೇನೆ.

ನೀನು ಹೋಗಿ ಎರಡು ವರ್ಷವಾಯಿತು. ಮೊದಲು ಕಾರಿನ ಸುದ್ದಿಯನ್ನೇ ಹೇಳುತ್ತೇನೆ. ನೀನಿದ್ದಿದ್ದರೂ ಮೊದಲು ಅದನ್ನೇ ಕೇಳುತ್ತಿದ್ದೆ. ಕಾರು ಮನೆಯಲ್ಲೇ ಇದೆ, ಮಾರಿಲ್ಲ. ತಮ್ಮ ಬಸು ಲೈಸೆನ್ಸು ಮಾಡಿಸುತ್ತೇನೆ ಮಾಡಿಸುತ್ತೇನೆ ಎನ್ನುತ್ತಲೇ ಇದ್ದಾನೆ, ಓಡಿಸುವವಳು ನಾನೇ. ಹತ್ತಿ ಬಿಡಿಸುವ ಕಾಲಕ್ಕೊಮ್ಮೆ ಶಾಲೆ ತಪ್ಪಿಸಿ ತಪ್ಪಿಸಿ ಏಳನೇ ಕ್ಲಾಸಿಗೆ ಬಿಟ್ಟವಳು ನಾನು, ಬರೆದದ್ದರಲ್ಲಿ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಮೊದಲ ಸಲ ಅದು ಮಿಸ್ ಹೊಡೆದದ್ದು ಈ ಚಳಿಗಾಲ ಶುರುವಾದಾಗ. ಅವ್ವನ ಕಿಡ್ನಿ ಕೆಟ್ಟದ್ದು ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ತಿಳಿದದ್ದು. ವಾರಕ್ಕೆ ಎರಡು ಸಲ ಸಿಂಧನೂರಿನ ದವಾಖಾನೆಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಬೆಳಗಿನ ಪಾಳಿ. ಮಸ್ಕಿ ಬಿಟ್ಟಾಗ ಕಾರು ಚೆನ್ನಾಗಿಯೇ ಇತ್ತು. ಗೊರೇಬಾಳ ಹತ್ತಿರ ಬರುತ್ತಲೇ ಇಂಜಿನ್ ಒಂದು ಬಡಿತ ಬಿಟ್ಟಿತು. ಬಿಟ್ಟು, ಮತ್ತೆ ಹಿಡಿಯಿತು. ಕೇಳಿಸಿತೇ ಎಂದು ಇಬ್ಬರನ್ನೂ ಕೇಳಿದೆ. ಹಿಂದೆ ಕೂತಿದ್ದ ಬಸು ನಕ್ಕ. "ಗಾಡಿ ಚಂದ ಐತಿ. ನಿನ್ನ ಎದಿನೇ ಮಿಸ್ ಹೊಡ್ಯಾಕತ್ತೈತಿ, ಅಕ್ಕ."

ನಾನು ಎಂಥವಳು ಎಂದು ನಿನಗೆ ಗೊತ್ತಲ್ಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವವಳು. ಹಾಗಾಗಿ ಅವನ ಮಾತು ನಿಜವೇ ಇರಬಹುದೇ ಎಂದು ನನಗೂ ಅನಿಸಿತು. ಅವ್ವನಿಗೂ ಏನೂ ಕೇಳಿಸಿರಲಿಲ್ಲ. ಇದ್ದ ಮೂವರಲ್ಲಿ ಒಬ್ಬಳಿಗೆ ಮಾತ್ರ ಕೇಳಿಸುವ ಸದ್ದನ್ನು ಏನೆಂದು ಕರೆಯಬೇಕು?

ಲಿಂಗಸುಗೂರಿಗೆ, ನಿನ್ನ ಗೆಳೆಯ ಶರಣಪ್ಪ ಮಿಸ್ತ್ರಿಯ ಹತ್ತಿರ, ಮೂರು ಸಲ ಹೋದೆ. ಅವ್ವನಿಗೆ ಊಟ ಮಾಡಿಸಿ, ಮಲಗಿಸಿ, ಮಧ್ಯಾಹ್ನದ ಬಿಸಿಲಲ್ಲಿ ಸಂತೆಕಲ್ಲೂರಿನ ದಾರಿ ಹಿಡಿದರೆ ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು. ಶರಣಪ್ಪ ಮಾಮಾ ಪ್ಲಗ್ಗು ಬದಲಿಸಿದ, ಕಾರ್ಬೊರೇಟರ್ ತೊಳೆದ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದ. ಮೂರನೆಯ ಸಲ ಹೋದಾಗ, ಸಿಂಧನೂರಿನ ಕಡೆಗೆ ಹೋದರೆ ಮಾತ್ರ ಹೀಗಾಗುತ್ತದೆ ಎಂದು ಹೇಳಿದೆ. ಅವನು ಕೈ ಒರೆಸಿಕೊಳ್ಳುತ್ತಾ, "ಗಾಡಿಗಿ ಸೀಮಿ ಗೊತ್ತಾಗ್ತೈತೇನಬೇ ತಂಗಿ? ಅದರ ರೋಗ ನನ್ನ ಮುಂದ ತೋರ್ಸು, ನಾ ಔಷಧ ಕೊಡ್ತೀನಿ," ಎಂದ. ತೋರಿಸುವುದು ಹೇಗೆ? ಅಲ್ಲಿಗೆ ಬಂದರೆ ಅದಕ್ಕೆ ರೋಗವೇ ಇರುತ್ತಿರಲಿಲ್ಲ.

ಪ್ರತಿ ಅಮಾವಾಸ್ಯೆಗೆ ನೀನು ಬಾನೆಟ್ ಎತ್ತಿ, ಇಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಅದರ ನೀರನ್ನು ಮೇಲೆ ಸುರಿಯುತ್ತಿದ್ದೆಯಲ್ಲ. ಅದಕ್ಕೂ ನೀರಡಿಕೆ ಆಗುತ್ತದೆ ಎನ್ನುತ್ತಿದ್ದೆ. ನೀನು ಹೋದ ಮೇಲೆ ನಾನೂ ತಿಂಗಳಿಗೊಮ್ಮೆ ಮಾಡುತ್ತ ಬಂದಿದ್ದೆ. ಮಿಸ್ ಶುರುವಾದ ಮೇಲೆ ನನ್ನ ಹೆದರಿಕೆಗೆ ಪ್ರತಿ ಸೋಮವಾರ ಮಾಡತೊಡಗಿದೆ. ಮಿಸ್ ಹೊಡೆದಷ್ಟೂ ಕಾಯಿ ಒಡೆದೆ. ಆದರೂ ಅದು ಹೆಚ್ಚುತ್ತಲೇ ಹೋಯಿತು. ನಿನಗೆ ಸಿಟ್ಟು ಬಂದಿದೆಯೇನೋ, ನಾನು ಮಾಡಬಾರದ್ದೇನಾದರೂ ಮಾಡಿದೆನೇನೋ ಎಂದೆಲ್ಲ...

ಕಡೆಗೊಂದು ಬೆಳಿಗ್ಗೆ, ಮಂಜು ಗದ್ದೆಯ ಮೇಲಿಂದ ರಸ್ತೆಗೇ ಇಳಿದಿದ್ದಾಗ, ಗೊರೇಬಾಳದ ಹತ್ತಿರ ಕಾರು ನಾಲ್ಕು ಸಲ ಜಗ್ಗಿ ನಿಂತೇಬಿಟ್ಟಿತು. ಬಸು ಬಸ್ಸಿಗೆ ಕೈ ಮಾಡಿದ. ಬಾಗಿಲವರೆಗೂ ತುಂಬಿದ ಬಸ್ಸಿನಲ್ಲಿ ಅವ್ವ ಕಂಬ ಹಿಡಿದು ನಿಂತೇ ಹೋದಳು, ಬಾತ ಕಾಲಲ್ಲಿ. ನಾನು ಕಾರಿನ ಹತ್ತಿರ ಉಳಿದೆ, ಬಿಸಿಲೇರಿದ ಮೇಲೆ ಅದು ಏನೂ ಆಗದಂತೆ ಚಾಲು ಆಯಿತು. ಸಂಜೆ ಅವ್ವ ಮನೆಗೆ ಬಂದು ಗೋಡೆಗೆ ಒರಗಿ ಕೂತು ಹೇಳಿದಳು: "ಇನ್ನ ಸಾಕಬೇ. ನಾ ಮುಂದಿನ ವಾರದಿಂದ ಬರಂಗಿಲ್ಲ. ನಿನ್ನೂ ಕಾಡಿಸಿ, ಗಾಡಿನೂ ಕಾಡಿಸಿ, ಎಷ್ಟು ದಿನ ಅಂತ..."

ಹೋಗದಿದ್ದರೆ ಎಷ್ಟು ದಿನ ಎಂದು ಡಾಕ್ಟರು ನನಗೆ ಮೊದಲೇ ಹೇಳಿದ್ದರು, ಅಪ್ಪ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಅಂಗಳದಲ್ಲಿ ಕಾರಿನ ಮುಂದೆ ಕೂತೆ. ಇವತ್ತು ಇದನ್ನು ಹಿಡಿಯದೆ ಏಳುವುದಿಲ್ಲ ಎಂದುಕೊಂಡೆ. ಹೆದರಿಕೆಗೆ ಒಂದು ಗುಣವಿದೆ, ಆದದ್ದು ಯಾವುದನ್ನೂ ಮರೆಯಲು ಬಿಡುವುದಿಲ್ಲ. ಎಲ್ಲವನ್ನೂ ಮತ್ತೆ ನೆನೆದೆ. ಹೋಗುವಾಗ ಮಾತ್ರ ಆಗುತ್ತದೆ, ಬರುವಾಗ ಇಲ್ಲ. ಬೆಳಿಗ್ಗೆ ಆಗುತ್ತದೆ, ಬಿಸಿಲಲ್ಲಿ ಇಲ್ಲ. ಕಾಲುವೆ ನೀರಿನ ಗದ್ದೆ ಶುರುವಾದ ಮೇಲೆ ಆಗುತ್ತದೆ, ಲಿಂಗಸುಗೂರಿನ ದಾರಿಯ ಜೋಳದ ಹೊಲಗಳ ನಡುವೆ ಇಲ್ಲ. ಗಾಡಿಗೆ ಸೀಮೆ ಗೊತ್ತಿಲ್ಲ, ಸರಿ. ತೇವ ಗೊತ್ತಾಗಬಹುದಲ್ಲ?

ಬಸುವನ್ನು ಓಣಿಯ ಕ್ಷೌರದಂಗಡಿಗೆ ಕಳಿಸಿ, ಅವರು ತಲೆಗೆ ನೀರು ಚಿಮುಕಿಸುವ ಬಾಟಲಿ ತರಿಸಿದೆ. "ಇಂಜಿನ್ನಿಗಿ ಕಟಿಂಗ್ ಮಾಡ್ತೀಯೇನು?" ಎಂದ. ಅನ್ನಲಿ ಎಂದು ಬಿಟ್ಟೆ. ಇಂಜಿನ್ ಚಾಲು ಇಟ್ಟು, ದೂರ ನಿಂತು, ಒಂದೊಂದೇ ಕಡೆ ಮಂಜಿನಂತೆ ನೀರು ಹೊಡೆದೆ. ಕಾರ್ಬೊರೇಟರಿನ ಮೇಲೆ ಹೊಡೆದೆ, ಏನೂ ಇಲ್ಲ. ಕಾಯಿಲ್ ಮೇಲೆ, ಪ್ಲಗ್ ವೈರುಗಳ ಮೇಲೆ ಹೊಡೆದೆ, ಏನೂ ಇಲ್ಲ. ನಾಲ್ಕು ಪ್ಲಗ್ಗಿಗೂ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಹೊಡೆದೆ. ಇಂಜಿನ್ ಕೆಮ್ಮಿತು. ಬಂದ್ ಮಾಡಿ, ಒಣಗಿಸಿ, ಚಾಲು ಮಾಡಿದರೆ ಸುಮ್ಮನಾಯಿತು. ಮತ್ತೆ ಹೊಡೆದರೆ ಮತ್ತೆ ಕೆಮ್ಮಿತು. ನನ್ನ ಸ್ವಭಾವಕ್ಕೆ ಎರಡು ಸಲ ಸಾಲದು, ಐದು ಸಲ ಮಾಡಿದೆ. ಬಸುವಿನ ನಗು ಮೂರನೆಯ ಸಲಕ್ಕೇ ನಿಂತಿತ್ತು.

ವೈರು ಸಮೇತ ಮುಚ್ಚಳ ಬಿಚ್ಚಿ ಬಿಸಿಲಿಗೆ ಹಿಡಿದೆ. ಮೇಲೆಲ್ಲ ಕಂದು ಬಣ್ಣದ ಅಂಟು. ಆ ಅಂಟಿನಲ್ಲಿ, ಒಂದು ವೈರಿನ ಬುಡದಿಂದ ಇನ್ನೊಂದರ ಬುಡಕ್ಕೆ, ಕೂದಲೆಳೆಯಷ್ಟು ತೆಳ್ಳಗೆ ಕಪ್ಪು ಗೆರೆಗಳು. ತೇವವಾದಾಗ ಕಿಡಿ ಪ್ಲಗ್ಗಿಗೆ ಹೋಗದೆ ಆ ಗೆರೆ ಹಿಡಿದು ಹೊರಗೇ ಓಡುತ್ತಿತ್ತು. ಈ ಅಂಟು ಎಲ್ಲಿಂದ ಬಂತು ಎಂದು ತಿಳಿಯದೆ ಅವ್ವನನ್ನು ಕರೆದು ತೋರಿಸಿದೆ. ಅವಳು ಮೂಸಿ ನೋಡಿದಳು.

"ಇದು ಕಾಯಿ ನೀರಬೇ," ಎಂದಳು. "ನೀ ಒರಸಂಗಿಲ್ಲೇನು? ನಿಮ್ಮಪ್ಪ ಸುರಿದು, ಊಟಕ್ಕ ಕುಂಡ್ರೂದ್ರಾಗ ಹಳೀ ಬನೀನು ತಗೊಂಡು ಎಲ್ಲಾ ಒರಸ್ತಿದ್ದ."

ನೀನಿದ್ದಾಗ ಆರತಿ ಆಗುತ್ತಲೇ ನಾನು ಕಾಯಿಹೋಳು ಹಂಚಲು ಓಣಿಗೆ ಓಡುತ್ತಿದ್ದೆ. ನಿನ್ನ ಪೂಜೆ ಕಲಿತೆ, ಅದರ ನಂತರದ ಕೆಲಸ ನೋಡಲೇ ಇಲ್ಲ. ಅವ್ವನನ್ನು ದಾರಿಯಲ್ಲಿ ನಿಲ್ಲಿಸಿದ್ದು ನಿನ್ನ ಸಿಟ್ಟಲ್ಲ, ನನ್ನ ಭಕ್ತಿ. ಹೇಳು, ಬೈಯುತ್ತಿದ್ದೆಯಾ, ನಗುತ್ತಿದ್ದೆಯಾ? ನನಗಂತೂ ಅಳು ಬಂತು. ಅವ್ವ ನಕ್ಕಳು. ಎಷ್ಟೋ ತಿಂಗಳಾಗಿತ್ತು ಅವಳು ನಕ್ಕು.

ಆ ಗೆರೆಗಳು ಒರೆಸಿದರೆ ಹೋಗುವಂಥವಲ್ಲ, ಸುಟ್ಟು ಇಳಿದಿದ್ದವು. ಬಸು ಸಿಂಧನೂರಿಗೆ ಹೋಗಿ ಹೊಸ ಮುಚ್ಚಳ ತಂದ. ವೈರು ಅದಲುಬದಲಾದೀತೆಂಬ ಹೆದರಿಕೆಗೆ ಒಂದನ್ನು ಹಳೆಯದರಿಂದ ಬಿಡಿಸಿ, ಅದನ್ನು ಹೊಸದಕ್ಕೆ ಸಿಕ್ಕಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದೆ. ಹಳೆಯದನ್ನು ಶರಣಪ್ಪ ಮಾಮಾನಿಗೆ ಒಯ್ದು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ತಾನು ಮೂರು ಸಲವೂ ಇದನ್ನು ಬಿಚ್ಚಿ ನೋಡಲಿಲ್ಲವೆಂದು ಒಪ್ಪಿಕೊಂಡ. ಚಹಾ ತರಿಸಿ, ನನಗೆ ಕುರ್ಚಿ ಹಾಕಿಸಿದ. ಈಗ ಕಾಯಿಯನ್ನು ಮುಂದಿನ ಗಾಲಿಯ ಹತ್ತಿರ, ನೆಲಕ್ಕೆ ಒಡೆಯುತ್ತೇನೆ. ಅದೂ ಅಮಾವಾಸ್ಯೆಗೆ ಮಾತ್ರ. ನೀನು ಬೇಸರ ಮಾಡಿಕೊಳ್ಳಬೇಡ.

ಮೊನ್ನೆ ಶುಕ್ರವಾರ ಮತ್ತೆ ಮಂಜು ಬಿದ್ದಿತ್ತು. ಒಂದೇ ಸಲ ನೋಡೋಣ, ನಡುವೆ ನಿಂತರೆ ಮತ್ತೆಂದೂ ಕರೆಯುವುದಿಲ್ಲ ಎಂದು ಅವ್ವನನ್ನು ಕೂರಿಸಿಕೊಂಡೆ. ಗೊರೇಬಾಳ ಬಂತು. ಎರಡೂ ಕಡೆ ಗದ್ದೆಯ ನೀರು, ಮುಂದೆ ಬೆಳ್ಳಗೆ ಏನೂ ಕಾಣದು. ಇಂಜಿನ್ ಒಂದೇ ಒಂದು ಬಡಿತ ಬಿಡಲಿಲ್ಲ. ಸಿಂಧನೂರಿನ ಮನೆಗಳು ಕಂಡಾಗ ಅವ್ವ ಕಿಟಕಿಯ ಗಾಜು ಒರೆಸಿ ಹೊರಗೆ ನೋಡಿದಳು.

"ಜವಳಗೇರಾ ಇಲ್ಲಿಂದ ಎಷ್ಟ್ ದೂರಬೇ?" ಎಂದಳು. ಅಲ್ಲಿ ಅವಳ ತಂಗಿ ಇದ್ದಾಳೆ, ಚಿಕ್ಕವ್ವ. ನಿನ್ನ ಮಣ್ಣಿಗೆ ಬಂದಾಗ ನೋಡಿದ್ದು, ಆಮೇಲೆ ಇಬ್ಬರೂ ಮುಖ ನೋಡಿಲ್ಲ. "ಮುಂದಿನ ತಿಂಗಳು ಅಕಿ ಮೊಮ್ಮಗನ್ನ ತೊಟ್ಲಾಗ ಹಾಕ್ತಾರಂತ. ನಾ ಹೋಗ್ಬೇಕು."

ಮುಂದಿನ ತಿಂಗಳು ಎಂದಳು, ಅಪ್ಪ. ಅದೂ ಅವ್ವನೇ ಎಂದಳು. ಜವಳಗೇರಾದವರೆಗೂ ಗದ್ದೆ ನೀರಿನದೇ ದಾರಿ. ಕರೆದುಕೊಂಡು ಹೋಗುತ್ತೇನೆ.

ನಿನ್ನ ನಾಗಿ